ಗ್ಲೆನ್‌ನ ಜಿಂಕೆ

ಹ್ಯಾರಿಸ್‌ಬರ್ಗ್
೮ ಸೆಪ್ಟೆಂಬರ್ ೧೯೮೭

ಅಪ್ಪನಿಗೆ,

ಅಮ್ಮನ ಮಣ್ಣಿಗೆ ಬಂದು ಹೋದ ಮೇಲೆ ಇದೇ ಮೊದಲ ಕಾಗದ. ಎರಡು ವರ್ಷವಾಯಿತು. ಕ್ಷೇಮ ಕೇಳುವುದಕ್ಕೆ ಬರೆಯುತ್ತಿದ್ದೇನೆ ಎಂದು ನಟಿಸುವುದಿಲ್ಲ. ಒಂದು ಕೆಲಸವಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಟ್ರಿನಾಗೆ ಹೋದ ತಿಂಗಳು ಹನ್ನೆರಡು ತುಂಬಿತು. ಗೆಳತಿಯರ ಜೊತೆ ಬೇಟೆಯ ಸುರಕ್ಷತಾ ತರಗತಿಗೆ ಹೋಗುತ್ತೇನೆ ಎಂದಳು; ನಾಲ್ಕು ದಿನದ ಹುಚ್ಚು, ಇಳಿದುಹೋಗುತ್ತದೆ ಎಂದುಕೊಂಡು ಸಹಿ ಹಾಕಿದೆ. ಐವತ್ತಕ್ಕೆ ನಲವತ್ತೆಂಟು ತೆಗೆದುಕೊಂಡು ಬಂದು ಕೂತಿದ್ದಾಳೆ. ಈಗ ಅವಳಿಗೆ ಕೋವಿ ಬೇಕು, ನವೆಂಬರಿನಲ್ಲಿ ಜಿಂಕೆಗೆ ಹೋಗಬೇಕು. ಅಂಗಡಿಯವನು ಒಂದೇ ಉಸಿರಿನಲ್ಲಿ ಐದು ಹೆಸರು ಹೇಳಿದ. ನಾನು ತಲೆಯಾಡಿಸಿ ಹೊರಗೆ ಬಂದೆ. ನಾನು ಕೋವಿ ಮುಟ್ಟಿ ಇಪ್ಪತ್ತಾರು ವರ್ಷವಾಯಿತು, ನಿಮಗೆ ಗೊತ್ತಿದೆ.

ಹುಡುಗಿ ನಾಲ್ಕಡಿ ಎಂಟಿಂಚು, ಎಂಬತ್ತು ಪೌಂಡ್. ಕೈ ಸಣ್ಣವು, ಹಟ ದೊಡ್ಡದು. ಅವಳಿಗೆ ಯಾವ ಕೋವಿ ಸರಿ ಎಂದು ಎರಡು ಸಾಲು ಬರೆಯಿರಿ, ಸಾಕು.

"ಅಪ್ಪಾ, ಅಜ್ಜ ಅಷ್ಟು ದೊಡ್ಡ ಬೇಟೆಗಾರ ಅಂತಾರೆ, ನೀನ್ಯಾಕೆ ಹೋಗಲ್ಲ?" ಎಂದು ಕೇಳಿದಳು. ನನಗೆ ಚಳಿ ತಡೆಯಲಾಗುವುದಿಲ್ಲ ಎಂದು ಹೇಳಿದ್ದೇನೆ.

ಗ್ಲೆನ್


ಪಾಟರ್ ಕೌಂಟಿ
೧೪ ಸೆಪ್ಟೆಂಬರ್ ೧೯೮೭

ಮಗ ಗ್ಲೆನ್‌ಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಯಿಗೂ ಒಂದು ಸಲ ಓದಿ ಹೇಳಿದೆ. ಎರಡು ಸಾಲು ಸಾಕಂತೆ! ಎರಡು ಸಾಲಿನಲ್ಲಿ ನಾನು ಹಾಲಿನವನಿಗೂ ಚೀಟಿ ಬರೆದವನಲ್ಲ.

ಅಂಗಡಿಗೆ ಯಾಕೆ ಹೋದೆ? ನಿನ್ನ ಕೋವಿ ಇಲ್ಲೇ ಬೀರುವಿನಲ್ಲಿದೆಯಲ್ಲ. ಥರ್ಟಿ-ಆಟ್-ಸಿಕ್ಸ್. ಪ್ರತಿ ವರ್ಷ ಎಣ್ಣೆ ಹಚ್ಚಿ ಒರೆಸಿ ಇಡುತ್ತಿದ್ದೇನೆ. ಅದರ ಮುಂದೆ ಕರಡಿಯೂ ನಿಲ್ಲುವುದಿಲ್ಲ. ಹುಡುಗಿಗೆ ಈಗ ಸ್ವಲ್ಪ ದೊಡ್ಡದೆನಿಸಬಹುದು, ಅನಿಸಲಿ. ಮಕ್ಕಳಿಗೆ ಅಂಗಿಯನ್ನು ಒಂದಳತೆ ದೊಡ್ಡದೇ ಕೊಳ್ಳುವುದಿಲ್ಲವೇ? ಬೆಳೆಯುತ್ತಾಳೆ. ಸಣ್ಣ ಕೋವಿ ಕೊಟ್ಟರೆ ಜೀವಮಾನವೆಲ್ಲ ಅಳಿಲು ಹೊಡೆದುಕೊಂಡಿರುತ್ತಾಳೆ.

ಅವಳನ್ನು ನಮ್ಮ ಬೇಟೆಯ ಕ್ಯಾಂಪಿಗೆ ಕರೆದುಕೊಂಡು ಬಾ. ನಿನಗೆ ಚಳಿಯಾದರೆ ಒಲೆಯ ಪಕ್ಕ ಕೂತಿರು. ಅಂದಿನ ಆರು ಜನರಲ್ಲಿ ಈಗ ನಾವು ಮೂವರೇ ಉಳಿದಿದ್ದೇವೆ: ನಾನು, ಲೆಸ್ಟರ್ ಬೈಯರ್, ಡೋರ್ಸಿ. ಡೋರ್ಸಿಗೆ ಕಿವಿ ಪೂರ್ತಿ ಹೋಗಿದೆ. ಲೆಸ್ಟರ್ ಈಗಲೂ ಅಡಿಗೆ ಮಾಡುತ್ತಾನೆ, ಈಗಲೂ ಕೆಟ್ಟದಾಗಿಯೇ ಮಾಡುತ್ತಾನೆ. ಗೋಡೆಯ ಮೇಲೆ ಅಂಗಿಯ ತುಂಡುಗಳು ಹಾಗೇ ಇವೆ. ಈಡು ತಪ್ಪಿದವನ ಅಂಗಿಯ ಹಿಂಚುಂಗು ಕತ್ತರಿಸಿ, ಹೆಸರು, ಇಸವಿ ಬರೆದು ಮೊಳೆ ಹೊಡೆಯುವುದು ನಮ್ಮ ಪದ್ಧತಿ ಎಂದು ಟ್ರಿನಾಗೆ ಮೊದಲೇ ಹೇಳಿರು, ಹಳೆಯ ಅಂಗಿ ಹಾಕಿಕೊಂಡು ಬರಲಿ. ನಿನ್ನದು ಒಲೆಯ ಮೇಲ್ಗಡೆ ಇದೆ, ಕೆಂಪು ಚೌಕಳಿಯದು.

ಮೊನ್ನೆ ಕ್ಷೌರದಂಗಡಿಯಲ್ಲಿ ಲೆಸ್ಟರ್ ತಾನು ಹಿಡಿದ ಟ್ರೌಟ್ ಮೀನಿನ ಉದ್ದವನ್ನು ಕೈಯಲ್ಲಿ ತೋರಿಸುತ್ತಿದ್ದ. ಕೈಗಳು ದೂರವಾಗುತ್ತಲೇ ಹೋದವು. ಉಳಿದವರೆಲ್ಲ ಒಟ್ಟಿಗೆ, "ಗ್ಲೆನ್‌ನ ಜಿಂಕೆ!" ಎಂದು ಕೂಗಿದೆವು. ನೋಡು, ಇಲ್ಲಿ ನಿನ್ನನ್ನು ಯಾರೂ ಮರೆತಿಲ್ಲ.

ನಿನ್ನ ಅಪ್ಪ,
ಆರ್ವಿಲ್ ಕಾನ್ಫರ್


ಹ್ಯಾರಿಸ್‌ಬರ್ಗ್
೨೨ ಸೆಪ್ಟೆಂಬರ್ ೧೯೮೭

ಅಪ್ಪನಿಗೆ,

ಆ ಕೋವಿ ನನ್ನ ಮನೆಯ ಹೊಸಿಲು ದಾಟುವುದಿಲ್ಲ.

ನಿಮಗೆ ಮರೆತಿದ್ದರೆ ನೆನಪಿಸುತ್ತೇನೆ. ನನಗೆ ಹದಿಮೂರು. ಕೋವಿಯ ಬುಡ ನನ್ನ ಭುಜಕ್ಕೆ ಕೂರುತ್ತಿರಲಿಲ್ಲ, ಕಂಕುಳಿಗೆ ಜಾರುತ್ತಿತ್ತು. ಬುಡವನ್ನು ಒಂದಿಂಚು ಕೊಯ್ಯಿಸಿ ಎಂದು ಅಮ್ಮ ಹೇಳಿದಳು. "ಒಳ್ಳೆ ವಾಲ್‌ನಟ್ ಮರಕ್ಕೆ ಗರಗಸ ಹಾಕ್ಬೇಕಾ? ಅವನೇನು ಹುಡುಗೀನಾ?" ಎಂದಿರಿ. ಆ ಅಕ್ಟೋಬರಿನಲ್ಲಿ ದಿನಕ್ಕೆ ಹತ್ತು ಈಡು ಹೊಡೆಸಿದಿರಿ. ಅದು ಭುಜಕ್ಕೆ ಕತ್ತೆಯ ಹಾಗೆ ಒದೆಯುತ್ತಿತ್ತು. ಅಮ್ಮ ರಾತ್ರಿ ವಿನೆಗರ್ ಬಟ್ಟೆ ಕಟ್ಟುತ್ತಿದ್ದಳು. ನಾಲ್ಕನೆಯ ದಿನಕ್ಕೆ ನನಗೆ ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಕೋವಿಯ ಕುದುರೆ ಎಳೆಯುವುದು ಅಭ್ಯಾಸವಾಗಿತ್ತು. ನಿಮಗೆ ಹೇಳಲು ನಾಚಿಕೆಯಾಗಿ ಹೇಳಲಿಲ್ಲ.

ಸೀಸನ್ನಿನ ಮೊದಲ ಸೋಮವಾರ ಎಂಟು ಕವಲಿನ ಕೊಂಬಿದ್ದ ಗಂಡು ಜಿಂಕೆ ನಲವತ್ತು ಗಜದಲ್ಲಿ ಬಂದು ನಿಂತಿತು. ಕಣ್ಣು ಮುಚ್ಚಿ ಎಳೆದೆ. ಆದರೆ ಗುಂಡು ತಾಗಿದ ಸದ್ದು ಕೇಳಿಸಿತು ಅಪ್ಪ. ಒದ್ದೆ ಕಂಬಳಿಗೆ ಕೋಲಿನಿಂದ ಬಡಿದ ಹಾಗೆ. ನೀವು ಓಡಿ ಬಂದಿರಿ, "ತಾಗಿತು ಅಪ್ಪ" ಎಂದೆ. ಹತ್ತು ನಿಮಿಷ ಹುಡುಕಿದಿರಿ. ಮಳೆ ಹನಿಯಲು ಶುರುವಾಯಿತು. "ರಕ್ತ ಇಲ್ಲ, ಕೂದ್ಲೂ ಇಲ್ಲ. ಗಾಳಿಗೆ ಹೊಡ್ದಿದ್ದೀಯ, ನಡಿ" ಎಂದಿರಿ. ಕ್ಯಾಂಪಿನಲ್ಲಿ ಎಲ್ಲರೆದುರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಅಂಗಿ ಕತ್ತರಿಸಿದಿರಿ. ಅದಕ್ಕೆ ನನಗೆ ಬೇಸರವಿಲ್ಲ, ಎಲ್ಲರದೂ ಕತ್ತರಿಸುತ್ತಾರೆ. ನಾನು ಮತ್ತೆ "ತಾಗಿತ್ತು" ಎಂದೆ. "ತಪ್ಪೋದು ಬೇರೆ, ಸುಳ್ಳು ಹೇಳೋದು ಬೇರೆ" ಎಂದಿರಿ. ಎಲ್ಲರೂ ನಕ್ಕರು. ಅಂದಿನಿಂದ ಊರಿನಲ್ಲಿ ಯಾರು ಬಡಾಯಿ ಕೊಚ್ಚಿದರೂ ಅದು ಗ್ಲೆನ್‌ನ ಜಿಂಕೆ. ಕ್ಷೌರದಂಗಡಿಯಲ್ಲಿ ಕೇಳಿದ್ದೇನೆ, ಚರ್ಚಿನ ಮೆಟ್ಟಿಲ ಮೇಲೆ ಕೇಳಿದ್ದೇನೆ.

ನನಗೀಗ ಮೂವತ್ತೊಂಬತ್ತು. ಆ ಸದ್ದು ನಿಜವಾಗಿ ಕೇಳಿತೋ, ಅವಮಾನ ತಾಳಲಾರದೆ ನಾನೇ ಕಟ್ಟಿಕೊಂಡೆನೋ ಇವತ್ತಿಗೂ ತಿಳಿಯದು. ಒಬ್ಬ ಮನುಷ್ಯನಿಗೆ ತನ್ನ ಕಿವಿಯ ಮೇಲೇ ನಂಬಿಕೆ ಇಲ್ಲದಿದ್ದರೆ ಹೇಗೆ ಬದುಕಬೇಕು? ಮಗಳು ಕೇಳಿದರೆ ಏನು ಹೇಳಲಿ? ಅಂದು ಅದಕ್ಕೆ ತಾಗಿತ್ತೇ, ಇಲ್ಲವೇ? ನಿಮಗೆ ಗೊತ್ತಿದ್ದರೆ ಹೇಳಿ. ಅದು ಗೊತ್ತಾಗದೆ ಟ್ರಿನಾಳನ್ನು ಆ ಕ್ಯಾಂಪಿಗೆ ಕಳಿಸಲಾರೆ.

ಗ್ಲೆನ್


ಪಾಟರ್ ಕೌಂಟಿ
೫ ಅಕ್ಟೋಬರ್ ೧೯೮೭

ಗ್ಲೆನ್‌ಗೆ,

ಕೋವಿಯ ವಿಚಾರ ಬರೆಯುತ್ತೇನೆ.

ಶನಿವಾರ ಇರ್ಮಾಳ ಅಂಗಡಿಗೆ ಹೋದೆ. ಗಂಡ ತೀರಿಹೋದ ಮೇಲೆ ಕೋವಿ ಮಾರಾಟವನ್ನು ಅವಳೇ ನೋಡಿಕೊಳ್ಳುತ್ತಾಳೆ, ಮಕ್ಕಳಿಗೆ ಈಡು ಕಲಿಸುವವಳೂ ಅವಳೇ. ಹನ್ನೆರಡು ವರ್ಷದ ಮೊಮ್ಮಗಳಿಗೆ ಥರ್ಟಿ-ಆಟ್-ಸಿಕ್ಸ್ ಕೊಡೋಣವೆಂದಿದ್ದೇನೆ ಎಂದೆ. ಅವಳು ಕನ್ನಡಕ ಇಳಿಸಿ ನನ್ನನ್ನು ನೋಡಿದಳು.

"ಆ ಮಗು ನಿಮಗೇನು ಅನ್ಯಾಯ ಮಾಡಿದೆ, ಆರ್ವಿಲ್ಲಣ್ಣ?"

"ಒದೆತಕ್ಕೆ ಹೆದರಿದ್ರೆ ಬೇಟೆ ಆಗುತ್ತಾ ಇರ್ಮಾ? ನಾನು ನಲವತ್ತು ವರ್ಷದಿಂದ ಅದನ್ನೇ ಹೊಡೀತಿದ್ದೀನಿ. ರೆಪ್ಪೆ ಮಿಟುಕಿಸಿಲ್ಲ."

"ಹೌದಾ? ಬನ್ನಿ ಹಿಂದುಗಡೆ, ನೋಡೇ ಬಿಡೋಣ."

ಅಂಗಡಿಯ ಹಿಂದೆ ಗುರಿ ಹೊಡೆಯುವ ಜಾಗವಿದೆ. ನಾಲ್ಕಾರು ಜನ ಗಿರಾಕಿಗಳು ಕಾಫಿ ಲೋಟ ಹಿಡಿದುಕೊಂಡೇ ಹಿಂದೆ ಬಂದರು. ಅವಳು ನನಗೆ ಬೆನ್ನು ತಿರುಗಿಸಿ ತೋಟೆ ತುಂಬಿ ತುಂಬಿ ಕೊಡುತ್ತಿದ್ದಳು. ಎರಡು ಈಡು ಸರಿಯಾಗಿ ಹೋದವು. ಮೂರನೆಯದಕ್ಕೆ ಖಾಲಿ ತೋಟೆ ಹಾಕಿದ್ದಳು, ನನಗೆ ಗೊತ್ತಿಲ್ಲ. ಕುದುರೆ ಎಳೆದೆ. ಟಿಕ್ ಎಂದಿತು, ಅಷ್ಟೇ. ಸದ್ದಿಲ್ಲ, ಒದೆತವಿಲ್ಲ. ಆದರೆ ನನ್ನ ಭುಜ ಹಿಂದಕ್ಕೆ ಕುಪ್ಪಳಿಸಿತು, ನಳಿಗೆ ಅರ್ಧ ಅಡಿ ನೆಲದ ಕಡೆ ಬಾಗಿತು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಮುಚ್ಚಿದ್ದವು ಎಂದು ಗೊತ್ತಾದದ್ದು ತೆರೆದಾಗ. ಜನ ಎಷ್ಟು ನಕ್ಕರೆಂದರೆ ಒಬ್ಬನ ಕಾಫಿ ಚೆಲ್ಲಿತು. ನಲವತ್ತು ವರ್ಷ ನಾನೂ ಕಣ್ಣು ಮುಚ್ಚಿಯೇ ಹೊಡೆದಿದ್ದೇನೆ. ತಾಗಿದ್ದೆಲ್ಲ ದೇವರ ದಯೆ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ಇರ್ಮಾ ನಗಲಿಲ್ಲ. ಒಳಗೆ ಕೂರಿಸಿ ಇಷ್ಟು ಹೇಳಿದಳು, ಅವಳ ಮಾತಿನಲ್ಲೇ ಬರೆಯುತ್ತೇನೆ: "ಟು-ಫಾರ್ಟಿ-ಥ್ರೀ ತಗೊಳ್ಳಿ. ಜಿಂಕೆಗೆ ಧಾರಾಳ ಸಾಕು, ಒದೆತ ಅರ್ಧಕ್ಕರ್ಧ ಕಮ್ಮಿ. ಮಕ್ಕಳ ಅಳತೆದು, ಬುಡ ಗಿಡ್ಡ ಇರೋದು. ಬುಡಾನ ಮೊಣಕೈ ಒಳಗಡೆ ಇಟ್ಟು ನೋಡಿ, ಬೆರಳು ತಾನಾಗೇ ಕುದುರೆಗೆ ಬರ್ಬೇಕು. ಎಟಕಿಸ್ಕೊಂಡು ಹಿಡಿಯೋ ಹಾಗಿದ್ರೆ ಬೇಡ. ತೀರಾ ಹಗುರದ್ದೂ ಬೇಡ, ಹಗುರ ಆದಷ್ಟೂ ಒದೆಯುತ್ತೆ. ಮೊದ್ಲು ಸಣ್ಣ ಟ್ವೆಂಟಿ-ಟೂನಲ್ಲಿ ಒಂದು ತಿಂಗಳು ಕಾಗದದ ತಟ್ಟೆ ಹೊಡೀಲಿ. ಕಿವಿಗೆ ಮುಚ್ಚಳ ಹಾಕಿ, ಅರ್ಧ ಹೆದರಿಕೆ ಸದ್ದಿಂದೇ ಬರೋದು. ದೊಡ್ಡದ್ರಲ್ಲಿ ದಿನಕ್ಕೆ ಐದೇ ಈಡು. ಸಾಕು ಅಂತ ಅವಳು ಅನ್ನೋಕೆ ಮುಂಚೆ ನೀವೇ ನಿಲ್ಲಿಸಿ."

ಇಷ್ಟೇ. ನೀನು ಕೇಳಿದ ಇನ್ನೊಂದು ವಿಚಾರವನ್ನು ಮುಂದೆ ಯಾವಾಗಲಾದರೂ ಬರೆಯುತ್ತೇನೆ. ಇಲ್ಲಿ ಎಲೆ ಉದುರಲು ಶುರುವಾಗಿದೆ, ಅಂಗಳ ಗುಡಿಸುವುದೇ ಕೆಲಸವಾಗಿದೆ.

ಅಪ್ಪ


ಹ್ಯಾರಿಸ್‌ಬರ್ಗ್
೧೩ ಅಕ್ಟೋಬರ್ ೧೯೮೭

ಅಪ್ಪನಿಗೆ,

ಇರ್ಮಾ ಅವರಿಗೆ ವಂದನೆ ತಿಳಿಸಿ. ಅವರು ಹೇಳಿದ್ದೇ ತಂದಿದ್ದೇವೆ. ಟ್ರಿನಾಳ ಮೊಣಕೈಗೆ ಬುಡ ಹೇಳಿ ಮಾಡಿಸಿದ ಹಾಗೆ ಕೂತಿತು. ಅವಳಿಗೆ ಗೊತ್ತಾಗದ ಹಾಗೆ ನಾನೂ ಒಂದು ಖಾಲಿ ತೋಟೆ ಹಾಕಿ ಕೊಟ್ಟೆ. ನಳಿಗೆ ಕೂದಲೆಳೆಯಷ್ಟೂ ಅಲುಗಲಿಲ್ಲ. "ಅಪ್ಪಾ, ಇದು ಕೆಟ್ಟುಹೋಗಿದೆ" ಎಂದು ತಿರುಗಿ ನೋಡಿದಳು. ನನಗೆ ಅಳು ಬಂತು, ಕಾರಿನಲ್ಲಿ ಏನೋ ಮರೆತವನ ಹಾಗೆ ಹೋದೆ.

ನೀವು ಅಂಗಿ ಬಿಚ್ಚಿ ನಿಂತ ಹಾಗೆ ನಿಮ್ಮ ಕಥೆ ಬರೆದಿದ್ದೀರಿ. ಅದಕ್ಕೆ ಎಷ್ಟು ಎದೆಗಾರಿಕೆ ಬೇಕಾಯಿತೆಂದು ನನಗೆ ಗೊತ್ತು. ಆದರೆ ಕೇಳಿದ್ದಕ್ಕೆ ಉತ್ತರ ಬರೆದಿಲ್ಲ. ಎಲೆ ಗುಡಿಸಿದ್ದು ಬರೆದಿದ್ದೀರಿ.

ಗ್ಲೆನ್


ಪಾಟರ್ ಕೌಂಟಿ
೧೯ ಅಕ್ಟೋಬರ್ ೧೯೮೭

ಗ್ಲೆನ್,

ತಾಗಿತ್ತು.

ಈ ಒಂದು ಮಾತು ಬರೆದು ಎರಡು ದಿನ ಮೇಜಿನ ಮೇಲೆ ಬಿಟ್ಟಿದ್ದೆ. ಉಳಿದದ್ದನ್ನೂ ಬರೆಯುತ್ತೇನೆ, ಓದು.

ಮಂಗಳವಾರ ನಿನ್ನ ಭುಜ ಊದಿತ್ತು. ಪಾತ್ರೆ ತೊಳೆದುಕೊಂಡಿರು ಎಂದು ನಿನ್ನನ್ನು ಕ್ಯಾಂಪಿನಲ್ಲಿ ಬಿಟ್ಟು ನಾನು ಅದೇ ಕಣಿವೆಗೆ ಹೋದೆ. ಹಿಂದಿನ ದಿನ ಬೇಗ ಎದ್ದುಬಂದೆನಲ್ಲ ಎಂದು ಮನಸ್ಸು ಕುಟುಕುತ್ತಿತ್ತು. ಕಾಗೆಗಳು ಕೂಗುತ್ತಿದ್ದವು. ನೀನು ಹೊಡೆದ ಜಾಗದಿಂದ ಇನ್ನೂರು ಹೆಜ್ಜೆ ಕೆಳಗೆ, ಲಾರೆಲ್ ಪೊದೆಯ ನಡುವೆ ಬಿದ್ದಿತ್ತು. ಎಂಟು ಕವಲು, ನೀನು ಹೇಳಿದ ಹಾಗೇ. ಗುಂಡು ಹೊಟ್ಟೆಯ ಹಿಂಬದಿಗೆ ಬಿದ್ದಿತ್ತು. ಅಂಥ ಗಾಯದಿಂದ ರಕ್ತ ಹೊರಗೆ ಬರುವುದಿಲ್ಲ, ಜಿಂಕೆ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಇಷ್ಟನ್ನು ಎಳೆಯ ಬೇಟೆಗಾರನಿಗೂ ಹೇಳಿಕೊಡುತ್ತಾರೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಸೋಮವಾರ ಮಳೆಯ ನೆಪ ಹೇಳಿ ಎದ್ದುಬಂದಿದ್ದೆ.

ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಎಳೆದುಕೊಂಡು ಹೋಗಿ ನಿನ್ನ ಮುಂದೆ ಹಾಕಬೇಕಿತ್ತು. ಆದರೆ ಗಾಯ ನೋಡಿದರೆ ಎಲ್ಲರಿಗೂ ತಿಳಿಯುತ್ತಿತ್ತು, ಹುಡುಗ ಕಣ್ಣು ಮುಚ್ಚಿ ಎಳೆದಿದ್ದಾನೆ ಎಂದು. ಆ ಕೋವಿ ಮಗುವಿಗೆ ಭಾರವಾಯಿತು ಎಂದು ಬೇಸಿಗೆಯಲ್ಲೇ ಎಲ್ಲರೂ ಹೇಳಿದ್ದರು, ನಾನು ಎಲ್ಲರ ಬಾಯಿ ಮುಚ್ಚಿಸಿದ್ದೆ. ಹಿಂದಿನ ಸಂಜೆ ಕತ್ತರಿ ಹಿಡಿದವನು ನಾನು. ಸುಳ್ಳ ಎಂದವನು ನಾನು. ಮಗ ಸುಳ್ಳನಾಗುವುದೋ ಅಪ್ಪ ಮೂರ್ಖನಾಗುವುದೋ ಎಂದು ತೂಗಿ ನೋಡಿದೆ, ಗ್ಲೆನ್. ತೂಗಿ, ಕೊಡಲಿಯಿಂದ ಹೆಮ್ಲಾಕ್ ಮರದ ಟೊಂಗೆ ಕಡಿದು ಅದನ್ನು ಮುಚ್ಚಿದೆ.

ಕ್ಯಾಂಪಿಗೆ ಬಂದಾಗ ನೀನು ಅದೇ ಕತ್ತರಿಸಿದ ಅಂಗಿಯಲ್ಲಿ ಬಾಣಲೆ ಉಜ್ಜುತ್ತಿದ್ದೆ. "ಏನಾದ್ರೂ ಸಿಕ್ತಾ ಅಪ್ಪ?" ಎಂದು ಕೇಳಿದೆ. ನಿನ್ನ ಮುಖದಲ್ಲಿ ಇನ್ನೂ ಆಸೆಯಿತ್ತು. "ಏನೂ ಇಲ್ಲ" ಎಂದೆ. ನೀನು ಉಜ್ಜುವುದನ್ನು ಮುಂದುವರಿಸಿದೆ. ನಾನು ಕೂತು ಪ್ಯಾನ್‌ಕೇಕ್ ತಿಂದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನಾನು ನನ್ನ ಮಾನ ಉಳಿಸಿಕೊಳ್ಳಲು ನಿನ್ನದನ್ನು ಕೊಟ್ಟೆ. ನಿನ್ನ ಅಮ್ಮನಿಗೂ ಹೇಳಲಿಲ್ಲ. ನಾಚಿಕೆಯಿಂದ ಬರೆಯುತ್ತಿದ್ದೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಆರ್ವಿಲ್


ಹ್ಯಾರಿಸ್‌ಬರ್ಗ್
೯ ನವೆಂಬರ್ ೧೯೮೭

ಮೂರು ವಾರ ಬರೆಯಲಾಗಲಿಲ್ಲ. ಎರಡು ಸಲ ಕಾರು ಹತ್ತಿ ನಿಮ್ಮ ಕಡೆಗೆ ಹೊರಟು ಅರ್ಧ ದಾರಿಯಿಂದ ಹಿಂದಿರುಗಿದೆ. ಬಂದಿದ್ದರೆ ಏನು ಮಾಡುತ್ತಿದ್ದೆನೋ ನನಗೇ ಹೇಳಲು ಬರುವುದಿಲ್ಲ.

ನನಗೆ ಹೇಳಿದ್ದು ಸಾಲದು. ಅವರಿಗೆ ಹೇಳಿ. ಸೀಸನ್ನಿಗೆ ಮುಂಚೆ ಕ್ಯಾಂಪಿನಲ್ಲಿ ಸೌದೆ ಒಡೆಯಲು ಸೇರುತ್ತೀರಲ್ಲ, ಅಲ್ಲಿ ಹೇಳಿ. ಡೋರ್ಸಿಗೂ ಕೇಳಿಸುವ ಹಾಗೆ ಹೇಳಿ. ನಾನು ಬರುವುದಿಲ್ಲ. ನಡೆದದ್ದನ್ನು ಬಿಡದೆ ಬರೆಯಿರಿ. ಟ್ರಿನಾಳ ವಿಚಾರ ಆಮೇಲೆ.

ಗ್ಲೆನ್


ಪಾಟರ್ ಕೌಂಟಿ
೧೫ ನವೆಂಬರ್ ೧೯೮೭

ಗ್ಲೆನ್,

ನಿನ್ನೆ ಹೇಳಿದೆ.

ಸೌದೆ ಒಡೆದು ಮುಗಿದಿತ್ತು. ಲೆಸ್ಟರ್ ಬೀನ್ಸ್ ಬೇಯಿಸಿದ್ದ, ಅರ್ಧ ಸೀದಿತ್ತು. ಬಡಿಸಿಕೊಂಡು ಕೂತ ಮೇಲೆ ಎದ್ದು ನಿಂತೆ. ನಿನ್ನನ್ನು ನಿಲ್ಲಿಸಿದ ಅದೇ ಬೆಂಚಿನ ಮೇಲೆ ಹತ್ತಿದೆ. ನನ್ನ ಮೊಣಕಾಲಿಗೆ ಅದು ಸುಲಭವಲ್ಲ, ಡೋರ್ಸಿ ಕೈ ಹಿಡಿದ, ಯಾಕೆ ಹತ್ತುತ್ತಿದ್ದೇನೆ ಎಂದು ತಿಳಿಯದೆ. ಎಲ್ಲವನ್ನೂ ಹೇಳಿದೆ. ಡೋರ್ಸಿಗಾಗಿ ಕೂಗಿ ಹೇಳಬೇಕಾಯಿತು. ಅಂಥ ಮಾತನ್ನು ಕೂಗಿ ಹೇಳುವುದು ಎಷ್ಟು ಕಷ್ಟವೋ ನಿನಗೆ ಗೊತ್ತಿರಲಿ. ಎರಡು ಸಲ ಕೂಗಿದೆ.

ಅವರು ಬೆಚ್ಚುತ್ತಾರೆ, ಬೈಯುತ್ತಾರೆ ಎಂದುಕೊಂಡಿದ್ದೆ. ಲೆಸ್ಟರ್ ಚಮಚ ಕೆಳಗಿಟ್ಟ.

"ಇಳೀ ಆರ್ವಿಲ್. ಬಿದ್ದುಗಿದ್ದೀಯ. ನಮಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಬುಧವಾರ ನಾನೇ ನೋಡ್ದೆ. ಕಾಗೆ ಕೂಗ್ತಿದ್ವು, ಹೋದೆ. ಟೊಂಗೆ ಮುಚ್ಚಿತ್ತು. ಜಿಂಕೆ ತಾನೇ ಟೊಂಗೆ ಕಡ್ಕೊಂಡು ಹೊದ್ಕೊಳುತ್ತಾ? ಎಲ್ರಿಗೂ ತೋರಿಸ್ದೆ."

"ಮತ್ತೆ ಯಾಕೆ ಒಬ್ರೂ ಬಾಯಿ ಬಿಡಲಿಲ್ಲ?"

"ನಿನ್ನ ಮಗ, ನಿನ್ನ ಮನೆ ಮಾತು. ನೀನೇ ಹೇಳ್ತೀಯ ಅಂತ ಕಾದ್ವಿ. ಆ ವರ್ಷ ಕಾದ್ವಿ, ಮುಂದಿನ ವರ್ಷ ಕಾದ್ವಿ. ಆಮೇಲೆ ಹುಡುಗ ಬರೋದೇ ಬಿಟ್ಟ."

ನನಗೆ ಸಿಟ್ಟು ಬಂತು. ಇಷ್ಟೆಲ್ಲ ಗೊತ್ತಿದ್ದೂ ಗ್ಲೆನ್‌ನ ಜಿಂಕೆ ಎಂದು ಇಪ್ಪತ್ತಾರು ವರ್ಷ ನನ್ನ ಮಗನನ್ನು ಆಡಿಕೊಂಡು ನಕ್ಕಿರಲ್ಲ ಎಂದು ಕೂಗಿದೆ. ಲೆಸ್ಟರ್ ನನ್ನನ್ನು ನೋಡಿದ, ಸಣ್ಣ ಮಗುವನ್ನು ನೋಡುವ ಹಾಗೆ.

"ಅವನನ್ನ ನೋಡಿ ಯಾರು ನಕ್ಕರು ಆರ್ವಿಲ್? ನಾವು ಹಾಗಂದಾಗೆಲ್ಲ ನೀನೇ ಎಲ್ರಿಗಿಂತ ಜೋರಾಗಿ ನಗ್ತಿದ್ದೆ. ನಾವು ನಿನ್ನ ನೋಡಿ ನಗ್ತಿದ್ವಿ."

ಡೋರ್ಸಿ ತಟ್ಟೆಗೆ ಇನ್ನಷ್ಟು ಬೀನ್ಸ್ ಹಾಕಿಕೊಂಡ. ಇಡೀ ಕ್ಯಾಂಪೇ ಬಲ್ಲ ಗುಟ್ಟನ್ನು ನಾನೊಬ್ಬನೇ ಬಚ್ಚಿಟ್ಟುಕೊಂಡು ಕೂತಿದ್ದೆ. ನೀನು ಮಾತ್ರ ಅದನ್ನು ತಿಳಿಯದವನು. ಹದಿಮೂರು ವರ್ಷದ ಮಗುವಿಗೆ "ನೀನು ಸುಳ್ಳನಲ್ಲ" ಎಂದು ಹೇಳಲು ಆರು ಜನ ಗಂಡಸರಲ್ಲಿ ಒಬ್ಬನಿಗೂ ನಾಲಿಗೆ ಬರಲಿಲ್ಲ. ಲೆಸ್ಟರ್ ಅತ್ತ. ಅದರಿಂದ ನಿನಗೇನು ಉಪಯೋಗವೋ ತಿಳಿಯದು, ನೀನು ಬಿಡದೆ ಬರೆ ಎಂದಿದ್ದೆ, ಬರೆದಿದ್ದೇನೆ.

ಟ್ರಿನಾಳನ್ನು ಕಳಿಸು ಎಂದು ಕೇಳುವುದಿಲ್ಲ. ನಿನ್ನ ತೀರ್ಮಾನವೇ ಸರಿ.

ಅಪ್ಪ


ಹ್ಯಾರಿಸ್‌ಬರ್ಗ್
೨೦ ನವೆಂಬರ್ ೧೯೮೭

ಅಪ್ಪನಿಗೆ,

ನಿಮ್ಮ ಕಾಗದವನ್ನು ಊಟದ ಮೇಜಿನಲ್ಲಿ ಟ್ರಿನಾಗೂ ಅವಳ ಅಮ್ಮನಿಗೂ ಓದಿ ಹೇಳಿದೆ. ಓದುವಾಗ ಒಂದೆರಡು ಕಡೆ ನಿಲ್ಲಿಸಬೇಕಾಯಿತು. ಚಳಿಯ ಸುಳ್ಳನ್ನೂ ಒಪ್ಪಿಕೊಂಡೆ.

ಈ ವರ್ಷ ಅವಳನ್ನು ಕ್ಯಾಂಪಿಗೆ ಕಳಿಸುವುದಿಲ್ಲ. ಅವಳೂ ನಾನೂ ಇಲ್ಲೇ ಹತ್ತಿರದ ಸರ್ಕಾರಿ ಕಾಡಿಗೆ ಹೋಗುತ್ತೇವೆ. ಲೈಸೆನ್ಸ್ ಮಾಡಿಸಿದ್ದೇನೆ, ಕಿತ್ತಳೆ ಬಣ್ಣದ ಮೇಲಂಗಿ ತಂದಿದ್ದೇನೆ, ಅದನ್ನು ಹಾಕಿಕೊಂಡರೆ ಕುಂಬಳಕಾಯಿಯ ಹಾಗೆ ಕಾಣುತ್ತೇನೆ ಎಂದು ಮನೆಯಲ್ಲಿ ನಗುತ್ತಿದ್ದಾರೆ. ನೀವು ಬರಬೇಡಿ. ನಿಮ್ಮ ಜೊತೆ ಒಂದೇ ಮರದ ಕೆಳಗೆ ಕೂರುವಷ್ಟು ನನಗಿನ್ನೂ ಆಗುವುದಿಲ್ಲ. ಮುಂದಿನ ವರ್ಷದ ಮಾತನ್ನು ಈಗ ಆಡಲಾರೆ.

ನಿನ್ನೆ ಟ್ರಿನಾ ಒಂದು ಪ್ರಶ್ನೆ ಕೇಳಿದಳು. ಈಡು ಹೊಡೆದು, ಜಿಂಕೆ ಓಡಿಹೋಗಿ, ನೆಲದಲ್ಲಿ ರಕ್ತ ಕಾಣದಿದ್ದರೆ ಅದನ್ನು ಹೇಗೆ ಹುಡುಕುವುದು? ಎಷ್ಟು ಹೊತ್ತು ಕಾದು ಹೊರಡಬೇಕು, ಎಲ್ಲಿಂದ ಶುರು ಮಾಡಬೇಕು, ಮಳೆ ಬಂದರೆ ಏನು ಮಾಡಬೇಕು? ನನಗೆ ಯಾರೂ ಕಲಿಸಲಿಲ್ಲ, ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆ. ಸೀಸನ್ನಿಗೆ ಇನ್ನು ಹತ್ತು ದಿನವಿದೆ. ಅವಳ ಹೆಸರಿಗೇ ಬರೆಯಿರಿ.

ಗ್ಲೆನ್